ಹೃದಯಕ್ಕೆ ತೇಪೆ, ತೇಪೆಗೆ ರಕ್ತನಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಥರದ ಕೋಶವಾಗಿ ಬದಲಾಗಬಲ್ಲ ಮೂಲ ಕೋಶದಿಂದ) ಹೃದಯದ ಮಾಂಸ ಬೆಳೆಸುವ ಮಾತು ತೆಗೆದರೆ ಸಾಕು, ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಮನೆಯಲ್ಲಿ ಹಾರ್ಟ್ ಪೇಷಂಟ್ ಇರುವವರು ಕೇಳುವುದು ಒಂದು ಥರ. ಬಯಾಲಜಿ ಓದುವ ಮಕ್ಕಳು ಕೇಳುವುದು ಇನ್ನೊಂದು ಥರ. ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ಎಲ್ಲ ಓದಲು ಸಮಯ ಇಲ್ಲದಿದ್ದರೆ ರಕ್ತನಾಳದ ಪ್ರಶ್ನೆಯನ್ನಾದರೂ ಓದಿ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಅಲ್ಲೇ.

ಲ್ಯಾಬ್‌ನಲ್ಲಿ ಹೃದಯ ಬೆಳೆಸಿದ್ದಾರಂತೆ, ನಿಜವಾ?

ಇಡೀ ಹೃದಯ ಅಲ್ಲ. ಮನುಷ್ಯನ ಎದೆಯಲ್ಲಿಟ್ಟರೆ ರಕ್ತ ಪಂಪ್ ಮಾಡುವಂಥ ಹೃದಯವನ್ನು ಯಾರೂ ಬೆಳೆಸಿಲ್ಲ. ಬೆಳೆಸಿರುವುದು ಹೃದಯಸ್ನಾಯುವಿನ ತುಂಡುಗಳನ್ನು. ತಟ್ಟೆಯಲ್ಲಿಟ್ಟರೆ ತಾವಾಗಿಯೇ ಮಿಡಿಯುತ್ತವೆ, ಅದು ನಿಜ. ಅಂಥ ತುಂಡನ್ನು ಹಾಳಾದ ಹೃದಯದ ಮೇಲೆ ತೇಪೆ ಹಾಕಿದ ಹಾಗೆ ಹೊಲಿಯುವುದು ಈ ಕೆಲಸದ ಗುರಿ.

ಗಾಯ ಆದರೆ ಚರ್ಮ ಕೂಡಿಕೊಳ್ಳುತ್ತದೆ. ಹೃದಯ ಯಾಕೆ ಹಾಗೆ ಕೂಡಿಕೊಳ್ಳುವುದಿಲ್ಲ?

ಕೂಡಿಕೊಳ್ಳುತ್ತದೆ, ಆದರೆ ಸ್ನಾಯುವಿನಿಂದ ಅಲ್ಲ, ಗಟ್ಟಿ ನಾರಿನಿಂದ. ಹಾರ್ಟ್ ಅಟ್ಯಾಕ್ ಎಂದರೆ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಅದರ ಆಚೆ ಇರುವ ಕೋಶಗಳು ಉಸಿರು ಕಟ್ಟಿ ಸಾಯುತ್ತವೆ. ದೊಡ್ಡ ಅಟ್ಯಾಕ್ ಆದರೆ ಸುಮಾರು 100 ಕೋಟಿ ಸ್ನಾಯುಕೋಶ ಹೋಗಬಹುದು. ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಇಡೀ ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆಯಲ್ಲಿ, ಇರುವುದೇ 200ರಿಂದ 400 ಕೋಟಿ! ಹೋದ ಜಾಗದಲ್ಲಿ ನಾರು ತುಂಬುತ್ತದೆ. ನಾರು ಹರಿಯುವುದಿಲ್ಲ ನಿಜ, ಮಿಡಿಯುವುದೂ ಇಲ್ಲ. ಉಳಿದ ಸ್ನಾಯು ಎಲ್ಲರ ಪಾಲಿನ ಕೆಲಸ ಮಾಡಿ ಮಾಡಿ ಕೊನೆಗೆ ಹಿಗ್ಗಿ ಸೋಲುತ್ತದೆ. ಅದೇ ಹಾರ್ಟ್ ಫೇಲ್ಯೂರ್.

ಹೊಸ ಸ್ನಾಯುಕೋಶ ಹುಟ್ಟುವುದೇ ಇಲ್ಲವಾ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಬಗೆ ನನಗೆ ತುಂಬ ಇಷ್ಟ. 1950ರ ದಶಕದ ಮಧ್ಯದಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 (ವಿಕಿರಣ ಸೂಸುವ ಒಂದು ಬಗೆಯ ಇಂಗಾಲ) ಜಾಸ್ತಿಯಾಯಿತು, ಅದು ಗಿಡಗಳಿಗೆ ಹೋಯಿತು, ಊಟದ ಮೂಲಕ ನಮ್ಮ ಡಿಎನ್ಎಗೂ ಬಂತು, ಆಮೇಲೆ ವರ್ಷ ವರ್ಷ ಕಡಿಮೆಯಾಗುತ್ತಾ ಹೋಯಿತು. ಹಾಗಾಗಿ ಕೋಶದ ಡಿಎನ್ಎಯಲ್ಲಿ ಅದು ಎಷ್ಟಿದೆ ಎಂದು ಅಳೆದರೆ ಆ ಕೋಶ ಯಾವ ವರ್ಷ ಹುಟ್ಟಿದ್ದು ಎಂದು ಗೊತ್ತಾಗುತ್ತದೆ. ಸ್ವೀಡನ್ನಿನ ಕರೊಲಿನ್ಸ್ಕಾ ಸಂಸ್ಥೆಯವರು 2009ರಲ್ಲಿ ಹೀಗೆ ಲೆಕ್ಕ ಹಾಕಿದರು. 25ರ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದು ಕೋಶ ಹೊಸದಾಗುತ್ತದೆ. 75ರ ಹೊತ್ತಿಗೆ ಅದು ನೂರಕ್ಕೆ ಅರ್ಧವೂ ಇಲ್ಲ. ಈ ವೇಗದಲ್ಲಿ 100 ಕೋಟಿ ಕೋಶ ವಾಪಸ್ ಬರುವುದು ಸಾಧ್ಯವಿಲ್ಲ. ಹೊರಗಿನಿಂದ ತರಲೇಬೇಕು.

ಈ ಸ್ಟೆಮ್ ಸೆಲ್ ಎಲ್ಲಿಂದ ತರುತ್ತಾರೆ?

ಎರಡು ಮೂಲ. ಒಂದು ಭ್ರೂಣದ ಸ್ಟೆಮ್ ಸೆಲ್. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ತಂಡ ಮಾನವ ಭ್ರೂಣದ ಕೋಶಗಳನ್ನು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿತು. ಐವಿಎಫ್ ಚಿಕಿತ್ಸೆಯಲ್ಲಿ ಉಳಿದ, ದಂಪತಿ ಒಪ್ಪಿ ಕೊಟ್ಟ, ಕೆಲವೇ ದಿನದ ಭ್ರೂಣಗಳು ಅವು. ಎರಡನೆಯದು ಐಪಿಎಸ್ ಕೋಶ. ಜಪಾನಿನ ಶಿನ್ಯಾ ಯಮನಕ 2006ರಲ್ಲಿ ಇಲಿಯ ಮಾಮೂಲಿ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಅದನ್ನು ಭ್ರೂಣದ ಕೋಶದ ಸ್ಥಿತಿಗೆ ಹಿಂದೆ ಕರೆದುಕೊಂಡು ಹೋದರು. 2007ರಲ್ಲಿ ಮನುಷ್ಯನ ಕೋಶದಲ್ಲೂ ಆಯಿತು. 2012ರಲ್ಲಿ ನೊಬೆಲ್ ಬಂತು. ಈಗ ಹೃದಯದ ಕೆಲಸ ಜಾಸ್ತಿ ನಡೆಯುವುದು ಐಪಿಎಸ್ ಕೋಶದಲ್ಲೇ, ಭ್ರೂಣವನ್ನು ಹಾಳು ಮಾಡಬೇಕಾಗುತ್ತದೆ ಎಂಬ ತಕರಾರು ಅದರಲ್ಲಿ ಇಲ್ಲ.

ಅದು ಹೃದಯದ ಕೋಶ ಆಗಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಗರ್ಭದಲ್ಲಿ ಯಾವ ಸೂಚನೆ ಸಿಗುತ್ತದೋ ಅದನ್ನೇ ತಟ್ಟೆಯಲ್ಲಿ ಕೊಡುತ್ತಾರೆ. ವಿಂಟ್ ಎಂಬ ಸಂಕೇತವನ್ನು ಮೊದಲು ಒಂದು ರಾಸಾಯನಿಕ ಹಾಕಿ ಜೋರು ಮಾಡುವುದು, ಎರಡು ಮೂರು ದಿನ ಬಿಟ್ಟು ಇನ್ನೊಂದು ಹಾಕಿ ತಡೆಯುವುದು. ಈ ಸುಲಭ ವಿಧಾನ ಗಟ್ಟಿಯಾಗಿ ನಿಂತದ್ದು 2012ರ ಸುಮಾರಿಗೆ. ಎಂಟು ಹತ್ತು ದಿನದಲ್ಲಿ ಕೋಶಗಳು ಮಿಡಿಯಲು ಶುರು ಮಾಡುತ್ತವೆ. ಮೈಕ್ರೋಸ್ಕೋಪ್‌ನಲ್ಲಿ ಮೊದಲ ಸಲ ನೋಡಿದವರು ಕಣ್ಣು ತೆಗೆಯುವುದಿಲ್ಲ.

ಕೋಶ ಸಿಕ್ಕಿತು, ಮಿಡಿಯುತ್ತದೆ. ಇನ್ನೇನು ಕಷ್ಟ? ರಕ್ತನಾಳ ಯಾಕೆ ಬೇಕು?

ಇದೇ ನಾನು ಹೇಳಿದ ಗಂಟು.

ಆಕ್ಸಿಜನ್ ಕೋಶದಿಂದ ಕೋಶಕ್ಕೆ ಇಳಿಯುತ್ತಾ ಹೋಗುವುದು ಬಹಳ ಸ್ವಲ್ಪ ದೂರ. 100ರಿಂದ 200 ಮೈಕ್ರಾನ್, ಅಂದರೆ ಎರಡು ಮೂರು ತಲೆಕೂದಲು ಒಟ್ಟಿಗೆ ಇಟ್ಟಷ್ಟು. ಅದಕ್ಕಿಂತ ದಪ್ಪ ಬೆಳೆಸಿದರೆ ಹೊರಗಿನವು ಚೆನ್ನಾಗಿರುತ್ತವೆ, ಒಳಗಿನವು ಸಾಯುತ್ತವೆ. ನಮ್ಮ ಎಡ ಹೃತ್ಕುಕ್ಷಿಯ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಅಂದರೆ ಲ್ಯಾಬ್‌ನಲ್ಲಿ ಸುಲಭವಾಗಿ ಬದುಕುವ ದಪ್ಪಕ್ಕಿಂತ ಐವತ್ತು ನೂರು ಪಟ್ಟು!

ಮೊಣಕಾಲಿನ ಮೃದು ಎಲುಬಿಗೆ ರಕ್ತನಾಳವೇ ಇಲ್ಲ, ಅದು ನಿಧಾನವಾಗಿ ಬದುಕುತ್ತದೆ. ಹೃದಯ ಹಾಗಲ್ಲ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯಬೇಕು. ದೇಹದ ಬೇರೆ ಭಾಗಗಳು ಸುಮ್ನೆ ಕೂತಾಗ ರಕ್ತದಲ್ಲಿರುವ ಆಕ್ಸಿಜನ್‌ನಲ್ಲಿ ಕಾಲು ಭಾಗ ಹೀರಿಕೊಂಡರೆ ಹೃದಯ ಮುಕ್ಕಾಲಿನ ಹತ್ತಿರ ಹೀರುತ್ತದೆ. ಅದಕ್ಕೇ ಒಂದು ಚದರ ಮಿಲಿಮೀಟರ್ ಹೃದಯಸ್ನಾಯುವಿನಲ್ಲಿ 2000ಕ್ಕೂ ಜಾಸ್ತಿ ಲೋಮನಾಳ, ಅಂದರೆ ತೀರಾ ಸಣ್ಣ ರಕ್ತನಾಳ, ಇರುತ್ತವೆ. ಹೆಚ್ಚುಕಡಿಮೆ ಪ್ರತಿ ಸ್ನಾಯುಕೋಶದ ಪಕ್ಕ ಒಂದು.

ಅಡಿಕೆ ತೋಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಸಿ ಎಷ್ಟೇ ಒಳ್ಳೆಯದಿರಲಿ, ಪ್ರತಿ ಸಾಲಿಗೂ ನೀರಿನ ಕಾಲುವೆ ಬೇಕು, ನಿಂತ ನೀರು ಹೋಗಲು ಬಸಿಗಾಲುವೆಯೂ ಬೇಕು. ಕೆಲವು ವರ್ಷ ಎಲ್ಲರೂ ಸಸಿಯ ಹಿಂದೆ ಬಿದ್ದಿದ್ದರು. ಕಾಲುವೆ ಇಲ್ಲದೆ ತೋಟ ಆಗುವುದಿಲ್ಲ ಎಂದು ಪಟ್ಟು ಹಿಡಿದವರ ಕೆಲಸವೇ ಈ ಪುಟದ ವಿಷಯ.

ರಕ್ತನಾಳ ಸಮೇತ ಮೊದಲು ಬೆಳೆಸಿದವರು ಯಾರು?

ಮಾನವ ಸ್ಟೆಮ್ ಸೆಲ್‌ನಿಂದ ಎಂದರೆ ಇಸ್ರೇಲ್‌ನ ಹೈಫಾದಲ್ಲಿರುವ ಟೆಕ್ನಿಯನ್ ಸಂಸ್ಥೆಯವರ ಹೆಸರನ್ನೇ ಮೊದಲು ಹೇಳಬೇಕು. ಶುಲಮಿತ್ ಲೆವೆನ್‌ಬರ್ಗ್ ಮತ್ತು ಲಿಯೊರ್ ಗೆಪ್‌ಸ್ಟೀನ್ ಅವರ ತಂಡಗಳು ಸೇರಿ 2007ರಲ್ಲಿ ಪ್ರಕಟಿಸಿದ ಕೆಲಸ ಅದು. ಗೆಪ್‌ಸ್ಟೀನ್ ತಂಡ 2001ರಲ್ಲೇ ಭ್ರೂಣದ ಸ್ಟೆಮ್ ಸೆಲ್‌ನಿಂದ ಮಿಡಿಯುವ ಹೃದಯಕೋಶ ತೋರಿಸಿತ್ತು. ಲೆವೆನ್‌ಬರ್ಗ್ 2005ರಲ್ಲಿ ಮಾಮೂಲಿ ಸ್ನಾಯುವನ್ನು ನಾಳ ಸಮೇತ ಬೆಳೆಸಿದ್ದರು. ಇಬ್ಬರೂ ಕೈಜೋಡಿಸಿದರು.

ಅವರು ಮಾಡಿದ್ದು ಹೀಗೆ. ಕರಗುವ ಹೊಲಿಗೆ ದಾರಕ್ಕೆ ಬಳಸುವ ಜಾತಿಯ ಪ್ಲಾಸ್ಟಿಕ್‌ನಿಂದ ಒಂದು ಪುಟ್ಟ ಸ್ಪಂಜು. ಉಪ್ಪಿನ ಹರಳುಗಳ ಮೇಲೆ ಪ್ಲಾಸ್ಟಿಕ್ ದ್ರಾವಣ ಸುರಿದು, ಒಣಗಿದ ಮೇಲೆ ನೀರಿನಲ್ಲಿ ಉಪ್ಪನ್ನು ತೊಳೆದು ತೆಗೆದರೆ ಸೆಟ್ ದೋಸೆಯ ತೂತಿನ ಹಾಗೆ ತೂತುಗಳು ಉಳಿಯುತ್ತವೆ. ಆ ತೂತುಗಳಲ್ಲಿ ಮೂರು ಥರದ ಕೋಶ ಬಿತ್ತಿದರು. ಒಂದು, ಸ್ಟೆಮ್ ಸೆಲ್‌ನಿಂದ ಬಂದ ಹೃದಯಸ್ನಾಯು ಕೋಶ. ಎರಡು, ರಕ್ತನಾಳದ ಒಳಪದರದ ಕೋಶ. ಇದನ್ನು ಸ್ಟೆಮ್ ಸೆಲ್‌ನಿಂದಲೂ ತಂದರು, ಹೊಕ್ಕುಳಬಳ್ಳಿಯಿಂದಲೂ ತಂದರು. ಮೂರು, ಫೈಬ್ರೋಬ್ಲಾಸ್ಟ್, ಅಂದರೆ ಕೋಶಗಳ ನಡುವೆ ನಾರು ಹೆಣೆಯುವ ಕೋಶ.

ಕೆಲವೇ ದಿನಗಳಲ್ಲಿ ಸ್ನಾಯು ಒಂದೇ ತಾಳದಲ್ಲಿ ಮಿಡಿಯಿತು, ಅದರ ನಡುವೆ ಪುಟ್ಟ ಪುಟ್ಟ ನಾಳಗಳ ಬಲೆಯೂ ಆಯಿತು.

ಮೂರನೆಯ ಕೋಶ ಯಾಕೆ? ಸ್ನಾಯು, ನಾಳ ಎರಡೇ ಸಾಕಲ್ವಾ?

ಸಾಲಲಿಲ್ಲ. ಎರಡೇ ಹಾಕಿದಾಗ ನಾಳದ ಕೋಶಗಳು ಬೇಗ ಸತ್ತವು. ಫೈಬ್ರೋಬ್ಲಾಸ್ಟ್ ಸೇರಿಸಿದಾಗ ಸಾವು ಕಡಿಮೆಯಾಯಿತು, ಅವು ಹೆಚ್ಚು ಹೆಚ್ಚು ವಿಭಜನೆಯಾದವು. ಅಷ್ಟೇ ಅಲ್ಲ, ಫೈಬ್ರೋಬ್ಲಾಸ್ಟ್‌ಗಳಲ್ಲಿ ಕೆಲವು ನಾಳದ ಸುತ್ತ ಹೋಗಿ ಕೂತು ಅದರ ಹೊರಗೋಡೆಯೇ ಆದವು. ಒಳಪದರ ಒಂದೇ ಇದ್ದರೆ ನಾಳ ಗೋಡೆ ಇಲ್ಲದ ಕಾಲುವೆಯ ಹಾಗೆ, ಎರಡು ದಿನಕ್ಕೆ ಕುಸಿಯುತ್ತದೆ.

ಇನ್ನೊಂದು ಸಂಗತಿಯೂ ಕಂಡಿತು. ನಾಳದ ಕೋಶಗಳು ಪಕ್ಕದಲ್ಲಿದ್ದಾಗ ಹೃದಯಕೋಶಗಳೂ ಚೆನ್ನಾಗಿ ಹೆಚ್ಚಿದವು. ಅಂದರೆ ನಾಳ ಬರೀ ಪೈಪ್ ಅಲ್ಲ, ಪಕ್ಕದ ಕೋಶಕ್ಕೆ ಬೆಳೆಯಲು ಸಂಕೇತವನ್ನೂ ಕೊಡುತ್ತದೆ. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೇನೆ ಎನ್ನುವವರು ಇದನ್ನೇ ಇಟ್ಟುಕೊಳ್ಳಿ.

ನಾಳದ ದಾರಿಯನ್ನು ಯಾರು ಗುರುತು ಹಾಕಿಕೊಡುತ್ತಾರೆ?

ಈ ವಿಧಾನದಲ್ಲಿ ಯಾರೂ ಇಲ್ಲ. ಒಳಪದರದ ಕೋಶಗಳಿಗೆ ಒಂದನ್ನೊಂದು ಹಿಡಿದು, ಸಾಲಾಗಿ, ನಡುವೆ ಟೊಳ್ಳು ಬಿಟ್ಟುಕೊಂಡು ಕೊಳವೆಯಾಗುವ ಗುಣ ಹುಟ್ಟಿನಿಂದಲೇ ಇದೆ. ವಿಇಜಿಎಫ್ ಎಂಬ ಪ್ರೋಟೀನ್ ಸಿಕ್ಕ ಕಡೆಗೆ ಚಿಗುರೊಡೆಯುತ್ತವೆ. ಆಕ್ಸಿಜನ್ ಕಡಿಮೆಯಾದ ಕೋಶವೇ ಆ ಪ್ರೋಟೀನ್ ಬಿಡುತ್ತದೆ, ಹಾಗಾಗಿ ಎಲ್ಲಿ ಹಸಿವಿದೆಯೋ ಅಲ್ಲಿಗೆ ನಾಳ ಹೋಗುತ್ತದೆ.

ತೇಪೆಯಲ್ಲಿ ನಾಳ ಇದೆ ಅಂದ ಮಾತ್ರಕ್ಕೆ ಅದರಲ್ಲಿ ರಕ್ತ ಹರಿಯುತ್ತದಾ?

ಒಳ್ಳೆಯ ಪ್ರಶ್ನೆ. ತಟ್ಟೆಯಲ್ಲಿ ಹರಿಯುವುದಿಲ್ಲ, ಅಲ್ಲಿ ಅವು ಖಾಲಿ ಕೊಳವೆಗಳು. ಟೆಕ್ನಿಯನ್ ತಂಡ ಮುಂದೆ ಇದೇ ತೇಪೆಯನ್ನು ಇಲಿಗಳ ಹೃದಯದ ಮೇಲೆ ಹಾಕಿ ನೋಡಿತು. ಮೂರೂ ಕೋಶ ಇದ್ದ ತೇಪೆಯಲ್ಲಿ ನಾಳ ಜಾಸ್ತಿ ಇದ್ದವು. ಮುಖ್ಯ ಮಾತು ಎಂದರೆ, ಲ್ಯಾಬ್‌ನಲ್ಲಿ ಆದ ಮಾನವ ನಾಳಗಳು ಇಲಿಯ ನಾಳಗಳಿಗೆ ಕೂಡಿಕೊಂಡು ಅವುಗಳಲ್ಲಿ ಇಲಿಯ ರಕ್ತವೇ ಹರಿಯಿತು.

ಆದರೂ ಕೂಡಿಕೊಳ್ಳಲು ದಿನಗಳು ಬೇಕು. ಆ ದಿನಗಳಲ್ಲೇ ತುಂಬ ಕೋಶಗಳು ಸಾಯುತ್ತವೆ. ಅದನ್ನು ತಪ್ಪಿಸಲು ಇಸ್ರೇಲ್‌ನ ಇನ್ನೊಂದು ತಂಡ 2009ರಲ್ಲಿ ಬೇರೆ ದಾರಿ ಹಿಡಿಯಿತು. ಕರುಳಿನ ಮೇಲೆ ಹೊದಿಕೆಯ ಹಾಗೆ ಕೊಬ್ಬಿನ ಪೊರೆ ಇರುತ್ತದೆ, ಅದರಲ್ಲಿ ರಕ್ತನಾಳ ಹೇರಳ. ತೇಪೆಯನ್ನು ಒಂದು ವಾರ ಇಲಿಯ ಆ ಪೊರೆಯಲ್ಲಿಟ್ಟು, ನಾಳ ಬೆಳೆದ ಮೇಲೆ ತೆಗೆದು ಹೃದಯಕ್ಕೆ ಹಾಕಿದರು. ಇಲಿಯಲ್ಲಿ ಚೆನ್ನಾಗಿ ನಡೆಯಿತು. ಆದರೆ ಹೃದಯ ಸೋತ ಮನುಷ್ಯನಿಗೆ ಎರಡೆರಡು ಸಲ ಆಪರೇಷನ್ ಎಂದರೆ ಸುಲಭದ ಮಾತಲ್ಲ.

ತೆಳ್ಳಗೆ ಬೆಳೆಸಿ ಒಂದರ ಮೇಲೆ ಒಂದು ಪೇರಿಸಬಹುದಲ್ವಾ?

ಟೋಕಿಯೋ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದವರು ಮಾಡಿದ್ದು ಅದನ್ನೇ. ತೆರುವೊ ಒಕಾನೊ ಅವರದು ಒಂದು ವಿಶೇಷ ತಟ್ಟೆ. 37 ಡಿಗ್ರಿಯಲ್ಲಿ ಕೋಶಗಳು ಅದಕ್ಕೆ ಅಂಟಿಕೊಂಡಿರುತ್ತವೆ. 32 ಡಿಗ್ರಿಗಿಂತ ಕೆಳಗೆ ತಣಿಸಿದರೆ ಇಡೀ ಪದರ ಹಾಳೆಯ ಹಾಗೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಮೂರು ಹಾಳೆಯವರೆಗೆ ಪೇರಿಸಬಹುದು, ಆಮೇಲೆ ಮತ್ತದೇ ಕಥೆ, ಒಳಗೆ ಸಾವು. ಹಾಗಾಗಿ ತತ್ಸುಯಾ ಶಿಮಿಜು ತಂಡ ಮೂರು ಹಾಳೆ ಇಲಿಯ ದೇಹದಲ್ಲಿಟ್ಟು, ಒಂದೆರಡು ದಿನ ಬಿಟ್ಟು ನಾಳ ಬಂದ ಮೇಲೆ ಅದರ ಮೇಲೆ ಇನ್ನು ಮೂರು, ಹೀಗೆ ಹತ್ತು ಸಲ ಮಾಡಿತು. 2006ರಲ್ಲಿ ಪ್ರಕಟವಾಯಿತು. ಸಿಕ್ಕ ದಪ್ಪ ಸುಮಾರು ಒಂದು ಮಿಲಿಮೀಟರ್. ಹತ್ತು ಸರ್ಜರಿಗೆ ಒಂದು ಮಿಲಿಮೀಟರ್! ರಕ್ತನಾಳ ಎಷ್ಟು ದೊಡ್ಡ ಸಮಸ್ಯೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ತ್ರೀಡಿ ಪ್ರಿಂಟರ್‌ನಲ್ಲಿ ಹೃದಯ ಪ್ರಿಂಟ್ ಮಾಡಿದ ವಿಡಿಯೋ ನೋಡಿದೆ. ಅದು?

2019ರ ಏಪ್ರಿಲ್‌ನಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ತಾಲ್ ದ್ವಿರ್ ತಂಡ ತೋರಿಸಿದ್ದು ಅದು. ಮನುಷ್ಯರ ಕೊಬ್ಬಿನ ಅಂಗಾಂಶದಿಂದಲೇ ಕೋಶವನ್ನೂ, ಅಂಟಿನಂಥ ಜೆಲ್ ಅನ್ನೂ ತಯಾರಿಸಿ, ಮೊಲದ ಹೃದಯದಷ್ಟು ದೊಡ್ಡದೊಂದನ್ನು ಮುಖ್ಯ ನಾಳಗಳ ಸಮೇತ ಪ್ರಿಂಟ್ ಮಾಡಿದರು. ಆಕಾರ ಬಂತು, ಪಂಪ್ ಮಾಡುವ ಶಕ್ತಿ ಬರಲಿಲ್ಲ. ಕೋಶಗಳು ಕೂಡಿ ಒಟ್ಟಿಗೆ ಕುಗ್ಗುವುದನ್ನು ಇನ್ನೂ ಕಲಿಯಬೇಕು ಎಂದು ಅವರೇ ಹೇಳಿದರು. ವಿಡಿಯೋಗಳಲ್ಲಿ ಆ ಮಾತು ಬಿಟ್ಟುಹೋಗಿದೆ.

ಅದೇ ವರ್ಷ ಹಾರ್ವರ್ಡ್‌ನ ಜೆನಿಫರ್ ಲೂಯಿಸ್ ತಂಡದ ಕೆಲಸ ನನಗೆ ಇನ್ನೂ ಹೆಚ್ಚು ಭರವಸೆ ಕೊಟ್ಟಿತು. ಐಪಿಎಸ್ ಕೋಶಗಳ ಸಣ್ಣ ಸಣ್ಣ ಉಂಡೆ ಮಾಡಿ, ಲಕ್ಷಗಟ್ಟಲೆ ಉಂಡೆ ಒತ್ತೊತ್ತಾಗಿ ತುಂಬಿ, ಆ ಮುದ್ದೆಯೊಳಗೆ ಜೆಲಟಿನ್‌ನಿಂದ ಗೆರೆ ಎಳೆದರು. ಬೆಚ್ಚಗೆ ಮಾಡಿದಾಗ ಜೆಲಟಿನ್ ಕರಗಿ ಹೊರಗೆ ಬಂತು, ಅದಿದ್ದ ದಾರಿಯೇ ನಾಳದ ಜಾಗ. ಅದರ ಮೂಲಕ ಪೋಷಕ ದ್ರವ ಹಾಯಿಸಿದರು. ಒಂದು ವಾರದಲ್ಲಿ ಉಂಡೆಗಳೆಲ್ಲ ಕೂಡಿಕೊಂಡು ಒಟ್ಟಿಗೆ ಮಿಡಿದವು. ದೊಡ್ಡ ಕಾಲುವೆ ಹೀಗೆ ಮನುಷ್ಯ ತೋಡಬೇಕು, ಚಿಕ್ಕ ಕವಲುಗಳನ್ನು ಕೋಶಗಳೇ ತೋಡಿಕೊಳ್ಳಬೇಕು. ಎರಡೂ ಸೇರಿದಾಗಲೇ ದಪ್ಪ ಸ್ನಾಯು ಸಿಗುವುದು ಎಂದು ನನ್ನ ನಂಬಿಕೆ.

ಮನುಷ್ಯರಿಗೆ ಹಾಕಿ ನೋಡಿದ್ದಾರಾ?

ಹಾಕಿದ್ದಾರೆ. ಜಪಾನಿನ ಒಸಾಕಾದಲ್ಲಿ ಯೋಶಿಕಿ ಸಾವಾ ತಂಡ 2020ರ ಜನವರಿಯಲ್ಲಿ ಐಪಿಎಸ್ ಕೋಶದಿಂದ ಮಾಡಿದ ಹೃದಯಸ್ನಾಯುವಿನ ಹಾಳೆಗಳನ್ನು ಒಬ್ಬ ರೋಗಿಗೆ ಅಂಟಿಸಿತು. ಅವು ಬರೀ 0.1 ಮಿಲಿಮೀಟರ್ ದಪ್ಪ. ಅವು ತಾವೇ ಪಂಪ್ ಮಾಡುವುದಕ್ಕಿಂತ, ಅವು ಬಿಡುವ ಪ್ರೋಟೀನ್‌ಗಳಿಂದ ರೋಗಿಯ ಹೃದಯದಲ್ಲೇ ಹೊಸ ನಾಳ ಚಿಗುರಲಿ ಎಂಬುದು ಅಲ್ಲಿನ ಆಲೋಚನೆ.

ಜರ್ಮನಿಯ ಗೊಟ್ಟಿಂಗೆನ್‌ನ ವೋಲ್ಫ್ರಾಮ್ ಝಿಮ್ಮರ್‌ಮನ್ ತಂಡದ್ದು ಇದಕ್ಕಿಂತ ದಪ್ಪ ತೇಪೆ. ಐಪಿಎಸ್‌ನಿಂದ ಬಂದ ಸ್ನಾಯುಕೋಶ ಮತ್ತು ನಾರು ಹೆಣೆಯುವ ಕೋಶಗಳನ್ನು ದೇಹದ ನಾರಿನ ಪ್ರೋಟೀನ್ ಆದ ಕೊಲಾಜನ್‌ನಲ್ಲಿ ಬೆರೆಸಿ ಬೆಳೆಸುತ್ತಾರೆ. ಮೊದಲು ಕೋತಿಗಳಲ್ಲಿ ನೋಡಿದರು. ಹೃದಯದ ಗೋಡೆ ದಪ್ಪವಾಯಿತು, ತಾಳ ತಪ್ಪಲಿಲ್ಲ, ಗಡ್ಡೆ ಬರಲಿಲ್ಲ. 2021ರಲ್ಲಿ 46 ವರ್ಷದ ಒಬ್ಬ ಮಹಿಳೆಗೆ 10 ತೇಪೆ ಹಾಕಿದರು, ಒಟ್ಟು 40 ಕೋಟಿ ಕೋಶ. ಮೂರು ತಿಂಗಳ ನಂತರ ಆಕೆಗೆ ದಾನಿಯ ಹೃದಯ ಸಿಕ್ಕಿತು. ಆಗ ಹೊರತೆಗೆದ ಹಳೆಯ ಹೃದಯವನ್ನು ಪರೀಕ್ಷಿಸಿದರೆ ತೇಪೆಗಳು ಬದುಕಿದ್ದವು, ಒಳಗೆ ರಕ್ತನಾಳಗಳೂ ಬಂದಿದ್ದವು. 2025ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಬಂತು.

ಹಾಗಾದರೆ ಮೊದಲೇ ನಾಳ ಬೆಳೆಸುವ ಗೋಜು ಯಾಕೆ? ದೇಹವೇ ಬೆಳೆಸಿಕೊಂಡಿತಲ್ಲ!

ಈ ವಾದ ಮಾಡುವವರು ವಿಜ್ಞಾನಿಗಳಲ್ಲೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ತೆಳ್ಳಗಿನ ತೇಪೆಗೆ ದೇಹವೇ ನಾಳ ಕೊಡುತ್ತದೆ. ಆದರೆ ಅಟ್ಯಾಕ್ ಆದ ಜಾಗ ನಾಳಗಳೇ ಕಡಿಮೆ ಇರುವ ನಾರಿನ ನೆಲ. ಹೋದ 100 ಕೋಟಿ ಕೋಶ ತುಂಬಬೇಕು ಎಂದರೆ ದಪ್ಪ ತೇಪೆ ಬೇಕು. ದೇಹದ ನಾಳ ನಿಧಾನವಾಗಿ ಒಳಗೆ ಬರುವಷ್ಟರಲ್ಲಿ ನಡುವಿನ ಕೋಶ ಸತ್ತಿರುತ್ತದೆ. ಅದಕ್ಕೇ ನಾನು ಮೊದಲೇ ನಾಳ ಬೆಳೆಸುವವರ ಕಡೆ.

ಅಪಾಯಗಳೇನು?

ತಾಳ ತಪ್ಪುವುದು ದೊಡ್ಡದು. ಹೊಸ ಕೋಶಗಳಿಗೆ ತಮ್ಮದೇ ಲಯ ಇರುತ್ತದೆ, ಹಳೆಯ ಹೃದಯದ ಜೊತೆ ಅದು ಹೊಂದಬೇಕು. ಸಿಯಾಟಲ್‌ನ ಚಾರ್ಲ್ಸ್ ಮರಿ ತಂಡ 2014ರಲ್ಲಿ ಕೋತಿಗಳಿಗೆ 100 ಕೋಟಿ ಕೋಶ ಚುಚ್ಚಿದಾಗ ಕೋಶಗಳು ಚೆನ್ನಾಗಿ ಬೇರು ಬಿಟ್ಟವು, ಆದರೆ ಲಯ ತಪ್ಪಿದ್ದೂ ಕಂಡಿತು. ಇನ್ನೊಂದು, ಬದಲಾಗದೆ ಉಳಿದ ಸ್ಟೆಮ್ ಸೆಲ್ ಒಂದಿಷ್ಟಿದ್ದರೂ ಗಡ್ಡೆ ಆಗಬಹುದು. ಮೂರನೆಯದು, ಬೇರೆಯವರ ಕೋಶ ಆದ್ದರಿಂದ ದೇಹ ತಿರಸ್ಕರಿಸದಂತೆ ಮಾತ್ರೆ ತಿನ್ನಬೇಕು.

ರೋಗಿಯದೇ ಕೋಶದಿಂದ ಮಾಡಿದರೆ ಆ ಮಾತ್ರೆ ಬೇಡ ಅಲ್ವಾ?

ಹೌದು, ಆದರೆ ಪ್ರತಿ ರೋಗಿಗೂ ಬೇರೆ ಬೇರೆ ತಯಾರಿಸಿ, ಪರೀಕ್ಷಿಸಿ ಕೊಡಲು ತಿಂಗಳುಗಟ್ಟಲೆ ಬೇಕು, ಖರ್ಚೂ ವಿಪರೀತ. ಅದಕ್ಕೇ ಹೆಚ್ಚಿನವರು ಮೊದಲೇ ಮಾಡಿಟ್ಟ ಕೋಶಗಳನ್ನೇ ಬಳಸುತ್ತಾರೆ.

ತೇಪೆ ಬಿಟ್ಟು ಬೇರೆ ಉಪಯೋಗ ಇದೆಯಾ?

ಇದೆ, ಅದು ಬೇಗ ಕೈಗೂ ಸಿಗುತ್ತಿದೆ. 2025ರಲ್ಲಿ ಸ್ಟ್ಯಾನ್‌ಫರ್ಡ್‌ನ ಆಸ್ಕರ್ ಅಬಿಲೆಜ್, ಜೋಸೆಫ್ ವು ಮತ್ತಿತರರು ಸ್ಟೆಮ್ ಸೆಲ್‌ನಿಂದ ಪುಟಾಣಿ ಹೃದಯದ ಉಂಡೆಗಳನ್ನು ಬೆಳೆಸಿದರು. ಅದರಲ್ಲಿ ಸ್ನಾಯು ಮತ್ತು ಕವಲೊಡೆದ ನಾಳ ಎರಡೂ ಒಟ್ಟಿಗೆ ಹುಟ್ಟುತ್ತವೆ. ಸೂಚನೆಗಳ 34 ಬಗೆಯ ಹದ ಮಾಡಿ ನೋಡಿ ಒಂದನ್ನು ಆರಿಸಿದ್ದು. ಗರ್ಭದಲ್ಲಿ ಮೊದಲ ವಾರಗಳಲ್ಲಿ ಹೃದಯ ಹೇಗೆ ರೂಪುಗೊಳ್ಳುತ್ತದೆ, ಯಾವ ಔಷಧ ಅದಕ್ಕೆ ಕೆಡುಕು ಎಂದು ಇದರಲ್ಲಿ ನೋಡಬಹುದು.

ನಮ್ಮ ಕಡೆಗೆ ಹತ್ತಿರದ ಉದಾಹರಣೆಯೂ ಇದೆ. ಹೃದಯಸ್ನಾಯುವಿನ ಒಂದು ಪ್ರೋಟೀನ್‌ನ ಜೀನ್‌ನಲ್ಲಿ ಡಿಎನ್ಎಯ 25 ಅಕ್ಷರ ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು 4 ಜನರಲ್ಲಿದೆ, ಅದು ಹೃದಯ ಸೋಲುವ ಅಪಾಯ ಹೆಚ್ಚಿಸುತ್ತದೆ ಎಂದು 2009ರಲ್ಲಿ ಪೆರುಂದುರೈ ಧಂಡಪಾಣಿ ಮತ್ತು ಸಂಗಡಿಗರು ತೋರಿಸಿದರು. ಧಂಡಪಾಣಿ ಈಗ ಕೆಲಸ ಮಾಡುವುದು ಬೆಂಗಳೂರಿನ ಸ್ಟೆಮ್ ಸೆಲ್ ಸಂಶೋಧನಾ ಸಂಸ್ಥೆಯಾದ ಇನ್‌ಸ್ಟೆಮ್‌ನಲ್ಲಿ. ಇಂಥ ದೋಷ ಇರುವವರ ಐಪಿಎಸ್ ಕೋಶದಿಂದ ಸ್ನಾಯು ಬೆಳೆಸಿದರೆ ರೋಗಿಯ ಹೃದಯ ಮುಟ್ಟದೆಯೇ ರೋಗವನ್ನು ತಟ್ಟೆಯಲ್ಲಿ ಓದಬಹುದು.

ನಮ್ಮೂರಲ್ಲೇ ಒಂದು ಕಡೆ ಹೃದಯಕ್ಕೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತಾರಂತೆ. ಹೋಗಬಹುದಾ?

ದಯವಿಟ್ಟು ಹೋಗಬೇಡಿ. ನಮ್ಮ ಸಂಬಂಧಿಕರೊಬ್ಬರಿಗೆ ಒಂದು ಕಡೆ ಹೀಗೇ ಲಕ್ಷಗಟ್ಟಲೆ ಹೇಳಿದ್ದರು. ಯಾವ ಕೋಶ, ಎಲ್ಲಿಂದ ತೆಗೆಯುತ್ತೀರಿ ಎಂದು ಕೇಳಿದರೆ ಉತ್ತರ ಇರಲಿಲ್ಲ. ಸೈಟ್ ಮಾರಲು ಹೊರಟವರನ್ನು ಮನೆಯವರು ತಡೆದರು.

ಇಂಥ ಕಡೆ ಸಾಮಾನ್ಯವಾಗಿ ಕೊಡುವುದು ಮೂಳೆಮಜ್ಜೆಯ ಅಥವಾ ಕೊಬ್ಬಿನ ಕೋಶ. ಅವು ಹೃದಯಸ್ನಾಯು ಆಗುವುದಿಲ್ಲ. ಆಗುತ್ತವೆ ಎಂದು 2001ರಲ್ಲಿ ಪಿಯೆರೊ ಅನ್ವೆರ್ಸಾ ತಂಡ ಬರೆದಾಗ ಜಗತ್ತೇ ನಂಬಿತ್ತು. ಬೇರೆ ಲ್ಯಾಬ್‌ಗಳಲ್ಲಿ ಅದು ಮತ್ತೆ ಕಾಣಲಿಲ್ಲ. 2018ರಲ್ಲಿ ಹಾರ್ವರ್ಡ್ ಅವರ ಲ್ಯಾಬ್‌ನ 31 ಪ್ರಬಂಧಗಳನ್ನು ವಾಪಸ್ ಪಡೆಯಬೇಕೆಂದು ಹೇಳಿತು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ನಿಜವಾದ ಪ್ರಯೋಗ ಆದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದರ ನಂಬರ್ ಇರಲೇಬೇಕು. ನಂಬರ್ ಕೇಳಿ. ಪ್ರಯೋಗಕ್ಕೆ ದುಡ್ಡು ಕೇಳಿದರೆ ಎದ್ದು ಬನ್ನಿ.

ನಮ್ಮ ತಂದೆಗೆ ಹಾರ್ಟ್ ಫೇಲ್ಯೂರ್. ಈ ತೇಪೆಗೆ ಕಾಯಬಹುದಾ?

ಇದಕ್ಕೆ ಎಂದು ಕಾಯಬೇಡಿ. ಈಗಿರುವ ಮಾತ್ರೆಗಳು ನಿಜವಾಗಿಯೂ ಆಯಸ್ಸು ಹೆಚ್ಚಿಸುತ್ತವೆ, ಉಸಿರು ಸರಾಗ ಆಯಿತು ಎಂದು ನಿಲ್ಲಿಸಬಾರದು. ಉಪ್ಪು ಕಡಿಮೆ ಮಾಡಿ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ ತೂಕ ಇದ್ದಕ್ಕಿದ್ದಂತೆ ಏರಿದರೆ ನೀರು ತುಂಬುತ್ತಿದೆ ಎಂದು ಅರ್ಥ, ಡಾಕ್ಟರಿಗೆ ಫೋನ್ ಮಾಡಿ.

ನಾನು ಪಿಯುಸಿ ಓದುತ್ತಿದ್ದೇನೆ. ಈ ಕೆಲಸಕ್ಕೆ ಬರಲು ಏನು ಓದಬೇಕು?

ಎಂಬಿಬಿಎಸ್ ಒಂದೇ ದಾರಿ ಅಲ್ಲ. ಬಯಾಲಜಿ, ಕೆಮಿಸ್ಟ್ರಿ, ಮೆಕ್ಯಾನಿಕಲ್, ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ಸ್ಪಂಜು ಮಾಡುವವರು ಕೆಮಿಸ್ಟ್ರಿಯವರು, ನಾಳದಲ್ಲಿ ದ್ರವ ಎಷ್ಟು ಒತ್ತಡದಲ್ಲಿ ಹರಿಯಬೇಕು ಎಂದು ಲೆಕ್ಕ ಹಾಕುವವರು ಎಂಜಿನಿಯರ್‌ಗಳು. ಬೆಂಗಳೂರಿನಲ್ಲಿದ್ದರೆ ಇನ್‌ಸ್ಟೆಮ್, ಐಐಎಸ್‌ಸಿಗಳಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಹೋಗಿ, ಕೋಶ ಬೆಳೆಸುವವರನ್ನು ಹಿಡಿದು ಮಾತಾಡಿಸಿ. ಒಂದು ಮಾತು ಮೊದಲೇ ಹೇಳುತ್ತೇನೆ. ಸ್ಟೆಮ್ ಸೆಲ್‌ಗಳಿಗೆ ಹೆಚ್ಚುಕಡಿಮೆ ದಿನಾ ಹೊಸ ದ್ರವ ಹಾಕಬೇಕು, ಭಾನುವಾರವೂ ಹಾಕಬೇಕು, ಯುಗಾದಿಯ ದಿನವೂ ಹಾಕಬೇಕು. ಹಸು ಸಾಕಿದ ಮನೆಯವರಿಗೆ ಇದು ಹೊಸದೇನಲ್ಲ.